‘ಮೊರಾಲಿಟಿ’ ಎಂದರೆ ನೀತಿಯೋ, ನಡತೆಯೋ, ವಾಡಿಕೆಯೋ? ಪದದ ಬೇರು ಮತ್ತು ಕನ್ನಡದ ಸಾಟಿಪದಗಳ ಚರ್ಚೆ

ಪದಕೋಶ ಬಳಗ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಪದವಿ ವಿದ್ಯಾರ್ಥಿಗಳಿಗಾಗಿ ತತ್ವಶಾಸ್ತ್ರದ ಒಂದು ಸಣ್ಣ ಪದಕೋಶ ಕನ್ನಡದಲ್ಲಿ ತಯಾರಾಗುತ್ತಿದೆ. ಕರಡಿನಲ್ಲಿ ‘ಮೊರಾಲಿಟಿ’ ನಮೂದಿನ ಎದುರು ‘ನೀತಿ, ನೈತಿಕತೆ, ಧರ್ಮ, ಸದಾಚಾರ’ ಎಂದು ಸಾಲಾಗಿ ಬರೆದಿದೆ. ‘ಎಥಿಕ್ಸ್’ ಎದುರಿಗೂ ಇವೇ ನಾಲ್ಕು. ಹೀಗಾದರೆ ಓದುವವರಿಗೆ ಏನೂ ದಕ್ಕುವುದಿಲ್ಲ. ಪದ ಎಲ್ಲಿಂದ ಬಂತು, ಅರ್ಥ ಹೇಗೆ ಸರಿಯಿತು, ಯಾವ ಸಂದರ್ಭಕ್ಕೆ ಯಾವ ಕನ್ನಡ ಪದ ಎಂದು ಬಲ್ಲವರು ಬಿಡಿಸಿ ಹೇಳಬೇಕು. ‘ನ್ಯಾಯ’ ಮತ್ತು ‘ನೀತಿ’ ಒಂದೇ ಧಾತುವಿನವು ಎಂದು ಕರಡಿನ ಅಡಿಟಿಪ್ಪಣಿ ಹೇಳುತ್ತದೆ. ಅದು ಸರಿಯೇ?

ಲ್ಯಾಟಿನ್ ಓದುಗ, ತೀರ್ಥಹಳ್ಳಿ

ಮೂಲ ಲ್ಯಾಟಿನ್ನಿನದು. ‘ಮೋಸ್’ ಏಕವಚನ, ‘ಮೋರೆಸ್’ ಬಹುವಚನ. ಕನ್ನಡದ ‘ಮೋಸ’ಕ್ಕೂ ಇದಕ್ಕೂ ನಂಟಿಲ್ಲ, ಯಾರಾದರೂ ಹಾಗೆ ಬರೆದರೆ ನಂಬಬೇಡಿ. ಏಕವಚನದಲ್ಲಿ ವಾಡಿಕೆ, ರೂಢಿ ಎಂಬ ಅರ್ಥ ಮುಂದು. ಬಹುವಚನಕ್ಕೆ ಬಂದಾಗ ಒಬ್ಬರ ನಡತೆ, ಸ್ವಭಾವ ಎಂದೂ ಆಗುತ್ತದೆ. ‘ಮೋಸ್ ಮಯೋರುಮ್’ ಎಂದರೆ ಹಿರಿಯರಿಂದ ಬಂದ ವಾಡಿಕೆ. ರೋಮಿನಲ್ಲಿ ಬರೆದಿಟ್ಟ ಕಾನೂನಿನ ಪಕ್ಕದಲ್ಲೇ ಇದಕ್ಕೂ ತೂಕವಿತ್ತು. ಕ್ರಿ.ಪೂ. 63ರಲ್ಲಿ ಸಂಚುಗಾರ ಕ್ಯಾಟಿಲೀನನ ವಿರುದ್ಧ ರೋಮಿನ ವಾಗ್ಮಿ ಸಿಸೆರೋ ‘ಓ ಟೆಂಪೊರಾ, ಓ ಮೋರೆಸ್’ ಎಂದನಲ್ಲ, ಅಲ್ಲಿ ‘ಎಂಥ ಕಾಲ ಬಂತು, ಎಂಥ ನಡತೆ’ ಎಂಬ ಧಾಟಿ.

ಆದರೆ ‘ಮೊರಾಲಿಸ್’ ಎಂಬ ವಿಶೇಷಣ ಹೀಗೆ ಜನರ ಬಾಯಲ್ಲಿ ಬೆಳೆದು ಬಂದದ್ದಲ್ಲ. ಅದನ್ನು ಸಿಸೆರೋನೇ ಕಟ್ಟಿದ. ಕ್ರಿ.ಪೂ. 44ರಲ್ಲಿ ವಿಧಿಯ ಕುರಿತು ಬರೆದ ಗ್ರಂಥದಲ್ಲಿ ಅವನ ಮಾತು ಇಷ್ಟು: ಗ್ರೀಕರು ‘ಏಥೊಸ್’ ಎನ್ನುವುದನ್ನು ನಾವು ‘ಮೋರೆಸ್’ ಎನ್ನುತ್ತೇವೆ, ತತ್ವಶಾಸ್ತ್ರದ ಆ ಭಾಗವನ್ನು ಇದುವರೆಗೆ ‘ಮೋರೆಸ್ ಕುರಿತದ್ದು’ ಎಂದು ಕರೆಯುತ್ತಿದ್ದೆವು, ಲ್ಯಾಟಿನ್ ಭಾಷೆಯನ್ನು ಬೆಳೆಸುವುದಾದರೆ ಅದಕ್ಕೆ ‘ಮೊರಾಲಿಸ್’ ಎಂಬ ಹೆಸರಿಡುವುದು ಉಚಿತ. ಅಂದರೆ ಇದು ಹುಟ್ಟಿನಿಂದಲೇ ಅನುವಾದದ ಪದ. ನೀವು ಈಗ ಮಾಡುತ್ತಿರುವ ಕೆಲಸವನ್ನೇ ಅವನೂ ಮಾಡಿದ್ದು.

‘ಮೊರಾಲಿಟಾಸ್’ ಎಂಬ ನಾಮಪದ ಕ್ರಿ.ಶ. 4-5ನೇ ಶತಮಾನದ ಲ್ಯಾಟಿನ್ನಿನದು. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದದ್ದು 14ನೇ ಶತಮಾನದ ಕೊನೆಗೆ. ಆಗ ಅದಕ್ಕೆ ಕಥೆಯಿಂದ ಸಿಗುವ ಪಾಠ ಎಂಬ ಅರ್ಥವೂ ಇತ್ತು. 15-16ನೇ ಶತಮಾನದ ‘ಮೊರಾಲಿಟಿ’ ನಾಟಕಗಳಲ್ಲಿ ಸದ್ಗುಣ, ದುರ್ಗುಣಗಳೇ ಪಾತ್ರಗಳಾಗಿ ರಂಗಕ್ಕೆ ಬರುತ್ತಿದ್ದವು. ನಮ್ಮ ಶಾಲೆಯ ಪುಸ್ತಕದಲ್ಲಿ ಕಥೆಯ ಕೆಳಗೆ ‘ನೀತಿ:’ ಎಂದು ಬರುತ್ತದಲ್ಲ, ಈ ಹಳೆಯ ಅರ್ಥಕ್ಕೆ ಅದು ಚೆನ್ನಾಗಿ ಒಪ್ಪುತ್ತದೆ.

‘ಮೋಸ್’ಗಿಂತ ಹಿಂದಿನ ಬೇರು ವಿದ್ವಾಂಸರಲ್ಲಿ ಇತ್ಯರ್ಥವಾಗಿಲ್ಲ. ಪದಕೋಶದಲ್ಲಿ ಅಲ್ಲಿಗೇ ನಿಲ್ಲಿಸಿ.

ಗ್ರೀಕ್ ವಿದ್ಯಾರ್ಥಿನಿ, ಸಾಗರ

ಸರ್ ಹೇಳಿದ ‘ಏಥೊಸ್’ಗೆ ಒಂದು ಸೇರ್ಪಡೆ. ಗ್ರೀಕಿನಲ್ಲಿ ಎರಡು ಪದಗಳಿವೆ. ಮೊದಲ ಸ್ವರ ಹ್ರಸ್ವವಾದರೆ ‘ಎಥೊಸ್’, ಅರ್ಥ ಅಭ್ಯಾಸ, ರೂಢಿ. ದೀರ್ಘವಾದರೆ ‘ಏಥೊಸ್’, ಅರ್ಥ ಶೀಲ, ಚಾರಿತ್ರ್ಯ. ಇಂಗ್ಲಿಷ್ ಬರಹದಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಅದರಿಂದಲೇ ಗೊಂದಲ. ಕನ್ನಡಕ್ಕೆ ಎ, ಏ ಎರಡೂ ಅಕ್ಷರ ಇರುವುದರಿಂದ ಗ್ರೀಕಿನಲ್ಲಿ ಇದ್ದಂತೆಯೇ ಬರೆಯಬಹುದು. ದಯವಿಟ್ಟು ಈ ಅನುಕೂಲ ಬಿಟ್ಟುಕೊಡಬೇಡಿ.

ಅರಿಸ್ಟಾಟಲ್ ತನ್ನ ನೀತಿಗ್ರಂಥದ ಎರಡನೇ ಭಾಗದ ಆರಂಭದಲ್ಲೇ ಇದನ್ನು ಎತ್ತುತ್ತಾನೆ. ಶೀಲದ ಗುಣಗಳು ಅಭ್ಯಾಸದಿಂದ ಬರುತ್ತವೆ, ಅದಕ್ಕೇ ‘ಏಥಿಕೆ’ ಎಂಬ ಹೆಸರು ‘ಎಥೊಸ್’ನಿಂದ ಸ್ವಲ್ಪವೇ ಬದಲಾಗಿ ಬಂದಿದೆ ಎನ್ನುತ್ತಾನೆ. ಮನೆ ಕಟ್ಟಿ ಕಟ್ಟಿ ಗಾರೆಯವನಾಗುವಂತೆ, ನ್ಯಾಯದ ಕೆಲಸ ಮಾಡಿ ಮಾಡಿ ನ್ಯಾಯವಂತನಾಗುವುದು ಎಂಬ ಅವನ ವಾದ ನಿಂತಿರುವುದೇ ಇದರ ಮೇಲೆ.

ಇನ್ನೂ ಹಿಂದೆ, ಹೋಮರನಲ್ಲಿ, ಇದೇ ದೀರ್ಘಸ್ವರದ ಪದದ ಬಹುವಚನಕ್ಕೆ ಪ್ರಾಣಿಗಳು ರೂಢಿಯಾಗಿ ಇರುವ ಜಾಗ ಎಂಬ ಅರ್ಥ. ಇಲಿಯಡ್‌ನ ಆರನೇ ಸರ್ಗದಲ್ಲಿ ಹಗ್ಗ ಹರಿದುಕೊಂಡ ಕುದುರೆ ತನ್ನ ‘ಏಥೆಅ’ಕ್ಕೆ, ಅಂದರೆ ತಾನು ಬಳಸಿದ ಹುಲ್ಲುಗಾವಲಿಗೆ ಓಡುತ್ತದೆ. ಇರುವ ಜಾಗ, ಇರುವ ರೀತಿ, ಆಮೇಲೆ ಶೀಲ. ಅರ್ಥ ಸರಿದದ್ದು ಈ ದಿಕ್ಕಿನಲ್ಲಿ.

ಋಗ್ವೇದದ ‘ಸ್ವಧಾ’, ತನ್ನ ಸಹಜ ರೀತಿ ಎಂಬ ಅರ್ಥದ್ದು, ಈ ಗ್ರೀಕ್ ಪದಗಳ ದಾಯಾದಿ ಎಂದು ಭಾಷಾಶಾಸ್ತ್ರದಲ್ಲಿ ಹೇಳುತ್ತಾರೆ. ತಿಥಿಯ ದಿನ ಕೇಳುವ ‘ಸ್ವಧಾ’ದ ವಿಚಾರ ಬೇರೆ, ಇದಕ್ಕೆ ಗಂಟು ಹಾಕುವುದು ಬೇಡ.

ವ್ಯಾಕರಣದ ಭಟ್ಟರು, ಶಿವಮೊಗ್ಗ

ಅಡಿಟಿಪ್ಪಣಿ ತಪ್ಪು ತಾಯಿ, ತೆಗೆಯಿರಿ. ‘ನೀತಿ’ಯೂ ‘ನ್ಯಾಯ’ವೂ ಒಂದೇ ಧಾತುವಿನವಲ್ಲ. ಬಿಡಿಸಿ ನೋಡೋಣ.

‘ನೀತಿ’: ಧಾತು ‘ನೀ’, ಕೊಂಡೊಯ್ಯು, ನಡೆಸು ಎಂಬ ಅರ್ಥ. ಅದಕ್ಕೆ ‘ಕ್ತಿನ್’ ಪ್ರತ್ಯಯ. ಪ್ರತ್ಯಯದ ಕಕಾರ ಲೋಪವಾಗುವ ಗುರುತು, ಅದು ಇದ್ದಲ್ಲಿ ಗುಣ, ಅಂದರೆ ಈ ಹೋಗಿ ಏ ಬರುವುದು, ಆಗುವುದಿಲ್ಲ. ಅದಕ್ಕೇ ‘ನೇತಿ’ ಆಗದೆ ‘ನೀತಿ’ ಎಂದೇ ಉಳಿಯಿತು. ಅದೇ ಧಾತುವಿಗೆ ‘ತೃಚ್’ ಹತ್ತಿದರೆ ಗುಣ ಬಂದು ‘ನೇತೃ’, ‘ಣ್ವುಲ್’ ಹತ್ತಿದರೆ ವೃದ್ಧಿ, ಅಂದರೆ ಈ ಹೋಗಿ ಐ, ಬಂದು ‘ನಾಯಕ’. ನಯ, ವಿನಯ, ಅಭಿನಯ ಎಲ್ಲ ಇದೇ ಮನೆಯವು.

‘ನ್ಯಾಯ’: ‘ನಿ’ ಉಪಸರ್ಗ, ‘ಇ’ ಧಾತು, ಅದರ ಅರ್ಥ ಹೋಗು. ‘ಘಞ್’ ಪ್ರತ್ಯಯ ಹತ್ತಿ ಇಕಾರಕ್ಕೆ ವೃದ್ಧಿಯಾಗಿ ‘ಆಯ’. ‘ನಿ’ ಮತ್ತು ‘ಆಯ’ ಸೇರಿದಾಗ ಯಣ್ ಸಂಧಿ, ‘ನ್ಯಾಯ’. ಪಾಣಿನಿ ಇದಕ್ಕೆ ಪ್ರತ್ಯೇಕ ಸೂತ್ರವನ್ನೇ ಇಟ್ಟಿದ್ದಾನೆ, ಅಷ್ಟಾಧ್ಯಾಯಿ 3.3.37. ಅಲ್ಲಿ ಕೊಟ್ಟ ಅರ್ಥ ‘ಅಭ್ರೇಷ’, ಸರಿಯಾದ ಕ್ರಮದಿಂದ ಜಾರದಿರುವುದು. ‘ನ’ಕಾರ ನೋಡಿ ಎರಡನ್ನೂ ಒಂದು ಮಾಡುವುದು ತುಂಬ ಕಡೆ ಕಾಣುವ ತಪ್ಪು.

‘ನೈತಿಕತೆ’: ‘ನೀತಿ’ಗೆ ‘ಇಕ’ ಹತ್ತಿದಾಗ ಮೊದಲ ಸ್ವರ ಈ ಹೋಗಿ ಐ ಬರುತ್ತದೆ, ಕೊನೆಯ ಇ ಬಿದ್ದುಹೋಗುತ್ತದೆ, ‘ನೈತಿಕ’. ಅದಕ್ಕೆ ಭಾವಾರ್ಥದ ‘ತಾ’, ‘ನೈತಿಕತಾ’. ಕನ್ನಡಕ್ಕೆ ಬರುವಾಗ ಸೀತಾ ಹೋಗಿ ಸೀತೆ ಆದಂತೆ ‘ನೈತಿಕತೆ’. ‘ನೈತಿಕ್ಯತೆ’ ಎಂದು ಬರೆಯಬಾರದು, ಒಂದೇ ಅರ್ಥದ ಎರಡು ಪ್ರತ್ಯಯ ಆಗುತ್ತದೆ. ಇನ್ನೊಂದು: ‘ಅನೈತಿಕ’ವನ್ನು ಅನ್ ಮತ್ತು ಐತಿಕ ಎಂದು ಒಡೆಯಬೇಡಿ, ಅದು ಅ ಮತ್ತು ನೈತಿಕ. ‘ಅನೃತ’ದಲ್ಲಿ ಮಾತ್ರ ‘ಅನ್’, ಮುಂದೆ ಇರುವುದು ‘ಋತ’ ಎಂಬ ಸ್ವರಾದಿ ಪದವಾದ್ದರಿಂದ.

ಇದೆಲ್ಲ ಕಾಶಿಯಿಂದ ತರಬೇಕಾದ ವಿದ್ಯೆಯಲ್ಲ. ನಮ್ಮ ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯ ಕೋಡಿಯಮಠದಲ್ಲಿ ಪಾಣಿನೀಯವೂ ನ್ಯಾಯ, ಮೀಮಾಂಸೆಗಳೂ ಪಾಠವಾಗುತ್ತಿದ್ದವು ಎಂದು 1162ರ ಶಾಸನ ಸಾರುತ್ತದೆ.

ಹಳಗನ್ನಡ ಮೇಷ್ಟ್ರು, ಹೊಸನಗರ

ಭಟ್ಟರ ವ್ಯುತ್ಪತ್ತಿ ಸರಿ, ಅದರ ಮುಂದಿನ ಮಾತು ನನ್ನದು. ಹಳೆಯ ಬಳಕೆಯಲ್ಲಿ ‘ನೀತಿ’ ಎಂದರೆ ಒಳ್ಳೆಯತನ ಎಂದಷ್ಟೇ ಅಲ್ಲ. ನಡೆಸುವ ಜಾಣತನ, ರಾಜಕಾರಣದ ಉಪಾಯ ಅದರಲ್ಲಿ ಮುಖ್ಯ. ಕೌಟಿಲ್ಯನ ನಾಲ್ಕು ವಿದ್ಯೆಗಳಲ್ಲಿ ಒಂದು ದಂಡನೀತಿ, ಅದು ಆಳುವ ವಿದ್ಯೆ. ಕನ್ನಡದಲ್ಲಿ ಸುಮಾರು 1031ರಲ್ಲಿ ಪಂಚತಂತ್ರ ಬರೆದ ದುರ್ಗಸಿಂಹ ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿ, ಯುದ್ಧ ಮತ್ತು ಸಂಧಾನ ನೋಡಿಕೊಳ್ಳುವ ಅಧಿಕಾರಿ. ಆ ಕಥೆಗಳ ನೀತಿ ಹಲವು ಕಡೆ ‘ಬಲಿಷ್ಠನ ಎದುರು ಹೇಗೆ ಬದುಕಿ ಉಳಿಯುವುದು’ ಎಂಬ ಲೆಕ್ಕಾಚಾರ. ಈ ಅರ್ಥ ಇವತ್ತಿಗೂ ಜೀವಂತ: ಆರ್ಥಿಕ ನೀತಿ, ವಿದೇಶಾಂಗ ನೀತಿ, ಅರಣ್ಯ ನೀತಿ.

ಆದ್ದರಿಂದ ‘ಮೊರಾಲಿಟಿ’ ಎದುರು ‘ನೀತಿ’ ಒಂದನ್ನೇ ಇಟ್ಟರೆ ‘ಸರ್ಕಾರದ ನೀತಿಯ ನೈತಿಕತೆ’ ಎಂಬಂಥ ವಾಕ್ಯ ಬರೆಯಲು ಆಗದು. ‘ಸರ್ಕಾರದ ನೀತಿಯ ನೀತಿ’ ಆಗಿಬಿಡುತ್ತದೆ. ‘ನೈತಿಕತೆ’ ಎಂಬ ಉದ್ದನೆಯ ಪದ ಬೇಕಾದದ್ದೇ ಇಂಥಲ್ಲಿ.

‘ಮೋರೆಸ್’ಗೆ ನಿಜವಾದ ಜೋಡಿ ಬೇಕೆಂದರೆ ನಮ್ಮದೇ ಪದಗಳಿವೆ. ನಡೆ, ನಡತೆ, ನಡವಳಿಕೆ ದ್ರಾವಿಡ ಮೂಲದವು, ತೆಲುಗಿನಲ್ಲಿ ನಡತ, ತಮಿಳಿನಲ್ಲಿ ನಡತ್ತೈ. ‘ಆಚಾರ’, ‘ಚಾರಿತ್ರ್ಯ’ ಎರಡೂ ಚರಿಸುವುದರಿಂದ ಬಂದವು. ‘ಪದ್ಧತಿ’ಯಂತೂ ಪಾದ ಮತ್ತು ಹತಿ, ಕಾಲು ತುಳಿದು ತುಳಿದು ಆದ ದಾರಿ. ಮಲೆನಾಡಿನ ಗುಡ್ಡದಲ್ಲಿ ಒಳದಾರಿ ಬೀಳುವುದು ಹೇಗೆಂದು ಕಂಡವರಿಗೆ ಈ ಪದ ವಿವರಿಸಬೇಕಿಲ್ಲ. ಹನ್ನೆರಡನೆಯ ಶತಮಾನದಲ್ಲಿ ‘ಆಚಾರವೇ ಸ್ವರ್ಗ, ಅನಾಚಾರವೇ ನರಕ’ ಎಂದು ಬಸವಣ್ಣ ಹೇಳುವಾಗ ಆ ಪದ ರೂಢಿಯನ್ನು ಮೀರಿ ನಿಂತಿದೆ. ಅದೇ ವಚನದಲ್ಲಿ ‘ಸತ್ಯವ ನುಡಿವುದೇ ದೇವಲೋಕ’ ಎಂದಿದೆ. ಹಿರಿಯರು ಮಾಡುತ್ತಿದ್ದರು ಎಂಬ ಆಧಾರವೇ ಅಲ್ಲಿ ಬೇಕಾಗಿಲ್ಲ.

ಶಾಸನಪ್ರಿಯ, ಸೊರಬ

ಹಿರಿಯರ ವಾಡಿಕೆ ಎಂದಿರಲ್ಲ, ಅದಕ್ಕೆ ನಮ್ಮ ರಾಜ್ಯದಲ್ಲೇ ಕಲ್ಲಿನ ಸಾಕ್ಷಿ ಇದೆ. ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಪ್ರಾಕೃತ ಶಾಸನ, 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದದ್ದು. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂದು ಹೇಳಿ, ಕೊನೆಗೆ ‘ಏಸಾ ಪೋರಾಣಾ ಪಕಿತಿ’ ಎನ್ನುತ್ತದೆ. ಇದು ಪುರಾತನ ರೀತಿ ಎಂದು. ಸಿಸೆರೋಗಿಂತ ಸುಮಾರು ಎರಡು ಶತಮಾನ ಹಿಂದೆ. ಒಳ್ಳೆಯ ನಡತೆಗೆ ಇಲ್ಲಿಯೂ ಆಧಾರ ಹಳೆಯ ರೂಢಿಯೇ.

‘ಧರ್ಮ’ವನ್ನು ಪದಕೋಶದಲ್ಲಿ ಹಾಕುವ ಮೊದಲು ಕಂದಹಾರದ ಶಾಸನ ನೆನೆಯಿರಿ. 1958ರಲ್ಲಿ ಸಿಕ್ಕ ಆ ದ್ವಿಭಾಷಾ ಶಾಸನದ ಗ್ರೀಕ್ ಪಾಠದಲ್ಲಿ ಅಶೋಕನ ‘ಧಮ್ಮ’ಕ್ಕೆ ಬಳಸಿದ್ದು ‘ಏಥೊಸ್’ ಅಲ್ಲ, ‘ಎಉಸೆಬೆಇಅ’, ಅಂದರೆ ಭಕ್ತಿಗೌರವ. ಆಗಿನ ಅನುವಾದಕರಿಗೂ ಧರ್ಮ ಮತ್ತು ಶೀಲ ಒಂದೇ ಎನಿಸಿರಲಿಲ್ಲ. ಇವತ್ತಿನ ಕನ್ನಡದಲ್ಲಿ ‘ಧರ್ಮ’ ಮತಕ್ಕೆ ಹೆಚ್ಚು ಅಂಟಿಕೊಂಡಿದೆ. ನನ್ನ ಸಲಹೆ, ಆ ಸಾಲಿನಿಂದ ಅದನ್ನು ತೆಗೆಯಿರಿ.

ಅನುವಾದಕಿ, ಶಿವಮೊಗ್ಗ

ಪತ್ರಿಕೆಯ ಮೇಜಿನಲ್ಲಿ ದಿನಾ ಎಡವುವ ಜಾಗ ಬೇರೆ. ‘ನೈತಿಕ ಬೆಂಬಲ’, ‘ನೈತಿಕ ಜಯ’, ‘ನೈತಿಕ ಸ್ಥೈರ್ಯ’. ಇವುಗಳಲ್ಲಿ ನೀತಿ ಎಲ್ಲಿದೆ? 17ರಿಂದ 19ನೇ ಶತಮಾನದವರೆಗೆ ಯುರೋಪಿನಲ್ಲಿ ‘ಮೊರಲ್’ ಎಂಬುದಕ್ಕೆ ‘ಭೌತಿಕವಲ್ಲದ್ದು, ಮನಸ್ಸಿಗೆ ಸೇರಿದ್ದು’ ಎಂಬ ಅರ್ಥವೂ ಇತ್ತು. ಕೇಂಬ್ರಿಜ್‌ನಲ್ಲಿ 1848ರಲ್ಲಿ ಶುರುವಾದ ‘ಮೊರಲ್ ಸೈನ್ಸಸ್’ ಪದವಿ ಪರೀಕ್ಷೆ ಕೇವಲ ನೀತಿಪಾಠವಾಗಿರಲಿಲ್ಲ, ಮನುಷ್ಯನಿಗೆ ಸಂಬಂಧಿಸಿದ ಶಾಸ್ತ್ರಗಳ ಗುಂಪು ಅದು. ಹಣ, ಆಳು ಕೊಡದೆ ಮಾತಿನಿಂದ ಕೊಡುವ ಬೆಂಬಲ ಎಂಬುದು ಆ ಅರ್ಥದ ಪಳೆಯುಳಿಕೆ. ಕನ್ನಡದಲ್ಲಿ ‘ಮಾನಸಿಕ ಬೆಂಬಲ’, ‘ಒತ್ತಾಸೆ’ ಸಾಕು.

‘ಮೊರಾಲ್’ ಎಂದು ಕೊನೆಗೆ ಒತ್ತು ಕೊಟ್ಟು ಹೇಳುವ ಪದ ಇನ್ನೊಂದು, ಫ್ರೆಂಚಿನಿಂದ 18ನೇ ಶತಮಾನದಲ್ಲಿ ಬಂದದ್ದು. ಸೈನ್ಯದ, ತಂಡದ ಹುಮ್ಮಸ್ಸು ಎಂದರ್ಥ. ‘ಪೊಲೀಸರ ನೈತಿಕ ಸ್ಥೈರ್ಯ ಕುಸಿದಿದೆ’ ಎಂದು ಬರೆದರೆ ಅವರ ನಡತೆಯೇ ಕೆಟ್ಟಿತು ಎಂದು ಓದುಗರು ತಿಳಿಯುವ ಅಪಾಯ ಇದೆ. ‘ಮನೋಬಲ’, ‘ಆತ್ಮಸ್ಥೈರ್ಯ’ ಎಂದು ಬರೆದರೆ ತಾಪತ್ರಯವಿಲ್ಲ.

‘ಅನೈತಿಕ’ ಎಂಬುದು ಸುದ್ದಿಯಲ್ಲಿ ಹೆಚ್ಚುಕಡಿಮೆ ಲೈಂಗಿಕ ವಿಷಯಕ್ಕೇ ಮೀಸಲಾಗಿಬಿಟ್ಟಿದೆ. ‘ಅನೈತಿಕ ಸಂಬಂಧ’, ‘ಅನೈತಿಕ ಚಟುವಟಿಕೆ’. ತೂಕದಲ್ಲಿ ಮೋಸ ಮಾಡಿದವನನ್ನು ಯಾವ ವರದಿಯೂ ಅನೈತಿಕ ಎನ್ನುವುದಿಲ್ಲ. ಪದಕೋಶ ಈ ಕುಗ್ಗಿದ ಅರ್ಥವನ್ನು ಗುರುತಿಸಬೇಕು, ಒಪ್ಪಬಾರದು.

ವಕೀಲರು, ಭದ್ರಾವತಿ

ಅಕ್ಕ ಹೇಳಿದ್ದು ನ್ಯಾಯಾಲಯಕ್ಕೂ ಅನ್ವಯ. ಸಂವಿಧಾನದ 19(2), 25, 26ನೇ ವಿಧಿಗಳಲ್ಲಿ ‘ಮೊರಾಲಿಟಿ’ ಪದ ಇದೆ, ವ್ಯಾಖ್ಯೆ ಇಲ್ಲ. 25ನೇ ವಿಧಿಯ ಧಾರ್ಮಿಕ ಸ್ವಾತಂತ್ರ್ಯ ಸಾರ್ವಜನಿಕ ಸುವ್ಯವಸ್ಥೆ, ‘ಮೊರಾಲಿಟಿ’, ಆರೋಗ್ಯ ಈ ಮೂರಕ್ಕೆ ಒಳಪಟ್ಟದ್ದು. ಹಿಂದಿ ಪಾಠದಲ್ಲಿ ಇದಕ್ಕೆ ‘ಸದಾಚಾರ’ ಎಂದಿದೆ. ‘ಸದಾಚಾರ’ ಎಂದ ಕೂಡಲೇ ಯಾರ ಆಚಾರ ಎಂಬ ಪ್ರಶ್ನೆ ಏಳುತ್ತದೆ, ತೊಡಕು ಅಲ್ಲೇ. ಬಹುಜನರ ರೂಢಿಯೇ ಅಳತೆಗೋಲಾದರೆ ಅಲ್ಪಸಂಖ್ಯಾತರ ಹಕ್ಕಿಗೆ ಬೆಲೆ ಏನು?

1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರು ಗ್ರೀಸಿನ ಇತಿಹಾಸ ಬರೆದ ಇಂಗ್ಲಿಷ್ ಇತಿಹಾಸಕಾರ ಗ್ರೋಟ್‌ನನ್ನು ಉಲ್ಲೇಖಿಸಿ, ಸಾಂವಿಧಾನಿಕ ನೈತಿಕತೆ ಸಹಜವಾಗಿ ಇರುವ ಭಾವನೆಯಲ್ಲ, ಅದನ್ನು ಬೆಳೆಸಿಕೊಳ್ಳಬೇಕು ಎಂದರು. 2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧ ಕುರಿತ, ದಂಡಸಂಹಿತೆಯ 377ನೇ ಕಲಮಿನ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಸಾಮಾಜಿಕ ನೈತಿಕತೆಗಿಂತ ಸಾಂವಿಧಾನಿಕ ನೈತಿಕತೆ ಮೇಲು ಎಂದು ಎತ್ತಿಹಿಡಿಯಿತು. ಅದೇ ತಿಂಗಳ 27ರಂದು ವ್ಯಭಿಚಾರದ 497ನೇ ಕಲಮನ್ನು ರದ್ದು ಮಾಡಿತು, ಆದರೆ ವಿಚ್ಛೇದನಕ್ಕೆ ಅದು ಕಾರಣವಾಗಿ ಉಳಿದೇ ಇದೆ. ಅಪರಾಧವಲ್ಲದ್ದೆಲ್ಲ ನೈತಿಕ ಎಂದಾಗುವುದಿಲ್ಲ, ಅನೈತಿಕವಾದದ್ದೆಲ್ಲ ಅಪರಾಧವೂ ಅಲ್ಲ. ಪದಕೋಶದಲ್ಲಿ ‘ಸಾಂವಿಧಾನಿಕ ನೈತಿಕತೆ’ಗೆ ಪ್ರತ್ಯೇಕ ಉಪನಮೂದು ಕೊಡಿ.

ಪದಕೋಶ ಬಳಗ, ಶಿವಮೊಗ್ಗ

ತುಂಬಾ ಉಪಕಾರವಾಯಿತು. ಒಂದು ಮಾತ್ರ ಕೊರೆಯುತ್ತಿದೆ. ಲ್ಯಾಟಿನ್, ಗ್ರೀಕ್, ಪ್ರಾಕೃತ, ಕನ್ನಡ, ಎಲ್ಲಿ ಅಗೆದರೂ ಬೇರು ರೂಢಿಯೇ. ಹಾಗಾದರೆ ನೈತಿಕತೆ ಎಂದರೆ ಆಯಾ ಊರಿನ ರೂಢಿ ಎಂದು ಬರೆದುಬಿಡಬಹುದೇ?

ತತ್ವಶಾಸ್ತ್ರದ ಮೇಡಂ, ಸಾಗರ

ಬೇಡ. ಬೇರು ಎಲ್ಲಿದೆ ಎಂಬುದರಿಂದ ಪದದ ಇವತ್ತಿನ ಅರ್ಥ ತೀರ್ಮಾನವಾಗುವುದಿಲ್ಲ. ‘ಮಾಮೂಲು’ ನೋಡಿ. ಅರಬ್ಬಿಯಲ್ಲಿ ಆಚರಣೆಯಲ್ಲಿರುವುದು ಎಂದರ್ಥ, ಕನ್ನಡಕ್ಕೆ ವಾಡಿಕೆ ಎಂದು ಬಂತು, ಈಗ ಕಚೇರಿಯಲ್ಲಿ ‘ಮಾಮೂಲು ಕೊಡಬೇಕು’ ಎಂದರೆ ಲಂಚ. ಅದು ವಾಡಿಕೆಯೂ ಹೌದು, ಅನೈತಿಕವೂ ಹೌದು. ಎರಡು ಮಾತನ್ನೂ ಒಟ್ಟಿಗೆ ಹೇಳಲು ಆಗುತ್ತದೆ ಎಂದರೆ ಎರಡು ಪದಗಳ ಅರ್ಥ ಒಂದೇ ಅಲ್ಲ.

ನಮ್ಮ ತಾಲೂಕಿನ ಕಾಗೋಡನ್ನೇ ತೆಗೆದುಕೊಳ್ಳಿ. 1951ರ ಸತ್ಯಾಗ್ರಹದಲ್ಲಿ ಜಗಳದ ಕೇಂದ್ರದಲ್ಲಿದ್ದದ್ದು ಗೇಣಿ ಭತ್ತ ಅಳೆಯುವ ಕೊಳಗ. ಧಣಿಗಳು ಗೇಣಿ ವಸೂಲಿಗೆ ಹಿಡಿಯುವ ಕೊಳಗ ದೊಡ್ಡದು ಎಂಬುದು ಗೇಣಿದಾರರ ದೂರು. ಮೊದಲಿನಿಂದ ಹೀಗೇ ನಡೆದುಬಂದಿದೆ ಎಂಬುದು ರೂಢಿಯ ವಾದ. ಅಳತೆ ಎಲ್ಲರಿಗೂ ಒಂದೇ ಇರಬೇಕು ಎಂಬುದು ನೀತಿಯ ವಾದ. ಎರಡನೆಯದಕ್ಕೆ ಊರಿನ ಹಳೆಯ ಪದ್ಧತಿಯಿಂದ ಬೆಂಬಲ ಸಿಗುವಂತಿರಲಿಲ್ಲ, ಅದು ಪದ್ಧತಿಯನ್ನೇ ಕಟಕಟೆಗೆ ಹತ್ತಿಸುವ ಮಾತು. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಗೇಣಿ ಪದ್ಧತಿಯೇ ಕಾನೂನಿನಿಂದ ಹೋದದ್ದು 1974ರ ಭೂಸುಧಾರಣಾ ತಿದ್ದುಪಡಿಯಲ್ಲಿ. ರೂಢಿ ಒಂದು ಕಡೆ, ನೀತಿಯ ಪ್ರಶ್ನೆ ಇನ್ನೊಂದು ಕಡೆ, ಕಾಯ್ದೆ ಅವೆರಡರ ನಂತರ. ಮೂರಕ್ಕೂ ಒಂದೇ ಪದ ಇಟ್ಟುಕೊಂಡರೆ ಕಾಗೋಡಿನಲ್ಲಿ ಏನಾಯಿತು ಎಂದು ಹೇಳಲು ಭಾಷೆಯೇ ಸಾಲದು. ಅಸ್ಪೃಶ್ಯತೆಯ ವಿಷಯದಲ್ಲೂ ಇದೇ. ಅದು ಶತಮಾನಗಳ ಕಾಲ ರೂಢಿಯಾಗಿತ್ತು, ರೂಢಿಯಾಗಿದ್ದಾಗಲೂ ಅನೀತಿಯೇ.

ಈ ಬೇರೆಬೇರೆ ಅರ್ಥಗಳಿಗೆ ಪಶ್ಚಿಮದಲ್ಲೂ ಬೇರೆಬೇರೆ ಪದ ಬೇಕಾದವು. ಜರ್ಮನ್ ತತ್ವಜ್ಞಾನಿ ಹೆಗೆಲ್ 1821ರಲ್ಲಿ ವ್ಯಕ್ತಿಯ ಅಂತಃಸಾಕ್ಷಿಯ ನೈತಿಕತೆಗೆ ‘ಮೊರಾಲಿಟೇಟ್’ ಎಂದೂ, ಕುಟುಂಬ, ಸಮಾಜ, ರಾಜ್ಯಗಳಲ್ಲಿ ನೆಲೆಗೊಂಡ ನೈತಿಕ ಬದುಕಿಗೆ ‘ಸಿಟ್ಲಿಖ್‌ಕೈಟ್’ ಎಂದೂ ಬೇರೆ ಮಾಡಿದ. ‘ಸಿಟ್ಟೆ’ ಎಂದರೆ ಜರ್ಮನಿನಲ್ಲಿ ವಾಡಿಕೆ. 1906ರಲ್ಲಿ ಸಮ್ನರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ ಲ್ಯಾಟಿನ್ನಿನ ‘ಮೋರೆಸ್’ ಪದವನ್ನೇ ಸಮಾಜದ ಕಟ್ಟುಪಾಡುಗಳಿಗೆ ಪಾರಿಭಾಷಿಕವಾಗಿ ಬಳಕೆಗೆ ತಂದ. 1985ರಲ್ಲಿ ಇಂಗ್ಲಿಷ್ ತತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್, ಹೇಗೆ ಬದುಕಬೇಕು ಎಂಬ ದೊಡ್ಡ ಪ್ರಶ್ನೆಗೆ ‘ಎಥಿಕ್ಸ್’ ಎಂದೂ, ಅದರೊಳಗೆ ಕರ್ತವ್ಯ, ದೋಷಾರೋಪಗಳನ್ನೇ ಮುಂದು ಮಾಡುವ ಒಂದು ವ್ಯವಸ್ಥೆಗೆ ‘ಮೊರಾಲಿಟಿ’ ಎಂದೂ ಹೇಳಿದ. ನಿಮ್ಮ ಕರಡಿನ ಎರಡು ನಮೂದುಗಳನ್ನು ಬೇರೆ ಮಾಡಲು ಇಷ್ಟು ಸಾಕು.

ಪದಕೋಶ ಬಳಗ, ಶಿವಮೊಗ್ಗ

ಹಾಗಾದರೆ ನಮೂದುಗಳನ್ನು ಹೀಗೆ ತಿದ್ದುತ್ತೇವೆ, ನೋಡಿ ಹೇಳಿ. ‘ಮೊರಾಲಿಟಿ’: ನೈತಿಕತೆ, ಸರಿತಪ್ಪುಗಳ ಗ್ರಹಿಕೆ ಮತ್ತು ಅದರಂತೆ ನಡೆಯುವ ಹೊಣೆ, ಕಥೆಯ ಸಂದರ್ಭದಲ್ಲಿ ನೀತಿ. ‘ಎಥಿಕ್ಸ್’: ನೀತಿಶಾಸ್ತ್ರ, ವೃತ್ತಿಯ ಸಂದರ್ಭದಲ್ಲಿ ವೃತ್ತಿನೀತಿ. ‘ಮೋರೆಸ್’: ಕಟ್ಟುಪಾಡು, ವಾಡಿಕೆ. ‘ಮೊರಾಲ್’: ಮನೋಬಲ. ‘ಇಮ್ಮೊರಲ್’: ಅನೈತಿಕ, ನೀತಿಗೆಟ್ಟ. ‘ಅಮೊರಲ್’: ನೀತಿರಹಿತ. ಧರ್ಮ, ಸದಾಚಾರ ಎರಡನ್ನೂ ಟಿಪ್ಪಣಿಗೆ ಇಳಿಸಿದ್ದೇವೆ.

ಹಳಗನ್ನಡ ಮೇಷ್ಟ್ರು, ಹೊಸನಗರ

‘ಕಟ್ಟುಪಾಡು’ ಮುಂದೆ ಇರಲಿ, ‘ವಾಡಿಕೆ’ ಹಿಂದೆ ಹೋಗಲಿ. ಮದುವೆ ಊಟದಲ್ಲಿ ಮೊದಲು ಉಪ್ಪು, ಉಪ್ಪಿನಕಾಯಿ ಬಡಿಸುವುದು ವಾಡಿಕೆ, ತಪ್ಪಿದರೆ ಯಾರೂ ದಂಡ ಹಾಕುವುದಿಲ್ಲ. ಮೀರಿದರೆ ಊರು ಕೇಳುತ್ತದೆ ಎಂಬ ಬಿಗಿ ಇರುವುದು ಕಟ್ಟುಪಾಡಿಗೆ. ಸಮ್ನರನ ‘ಮೋರೆಸ್’ನಲ್ಲಿ ಇರುವುದು ಆ ಬಿಗಿಯೇ.

ವ್ಯಾಕರಣದ ಭಟ್ಟರು, ಶಿವಮೊಗ್ಗ

‘ಅಮೊರಲ್’ಗೆ ‘ನೀತಿರಹಿತ’ ಬೇಡ ತಾ‌ಯಿ. ಓದಿದವರು ನೀತಿಗೆಟ್ಟ ಎಂದೇ ತಿಳಿಯುತ್ತಾರೆ, ಎರಡು ನಮೂದು ಮತ್ತೆ ಒಂದಾಗಿಬಿಡುತ್ತದೆ. ಮಳೆ, ಹುಲಿ, ಹಸುಗೂಸು ಇವುಗಳಿಗೆ ನೀತಿಯ ಪ್ರಶ್ನೆಯೇ ಹತ್ತುವುದಿಲ್ಲ ಎಂಬ ಅರ್ಥ ಬರಬೇಕು. ‘ನೀತಿನಿರಪೇಕ್ಷ’ ಎಂದು ಹಾಕಿ, ಪಕ್ಕದಲ್ಲಿ ಈ ಮೂರರಲ್ಲಿ ಒಂದು ಉದಾಹರಣೆ ಕೊಡಿ.